ಆನೆ ಸಾಕುವ ಹುಚ್ಚು

ಡೇಟಾಬೇಸ್ ಬೇಕೆಂದರೆ ಈಗಿನ ಹುಡುಗರು ಒಂದು ಸಾಲು ಕಮಾಂಡ್ ಟೈಪಿಸಿ ಕಾಫಿಗೆ ಏಳುತ್ತಾರೆ. ಲೋಟ ಕೈಗೆ ಬರುವುದರೊಳಗೆ ಪೋಸ್ಟ್‌ಗ್ರೆಸ್ ಕೂತಿರುತ್ತದೆ. ನಾನಿನ್ನೂ ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡುವ ಪೈಕಿ. ಪೋಸ್ಟ್‌ಗ್ರೆಸ್‌ನ ಲಾಂಛನ ಆನೆ. ಅದನ್ನು ಮರಿಯಿಂದಲೇ ಸಾಕಬೇಕೆಂಬ ಹುಚ್ಚು ನನಗೆ. “ಯಾಕ್ ಸಾರ್ ಈ ಕಷ್ಟ?” ಎನ್ನುವ ಹುಡುಗರ ದನಿಯಲ್ಲಿ ಮರ್ಯಾದೆ ಇರುತ್ತದೆ, ಅದರ ಬೆನ್ನಿಗೇ ಕನಿಕರ.

ಮೊದಲು ‘ಕಾನ್ಫಿಗರ್’ ಓಡಿಸಬೇಕು. ಹೆಣ್ಣು ನೋಡಲು ಬಂದವರ ಹಾಗೆ ಅದು ವಿಚಾರಣೆ ಶುರುಮಾಡುತ್ತದೆ. ಸಿ ಕಂಪೈಲರ್ ಇದೆಯೇ? ಇದ್ದರೆ ಕೆಲಸ ಮಾಡುತ್ತದೆಯೇ? ಬೈಸನ್? ಫ್ಲೆಕ್ಸ್? ‘ಯೆಸ್’, ‘ಯೆಸ್’ ಎಂದು ಸಾಲುಗಳು ಓಡಿ, ನಮ್ಮ ಕಂಪ್ಯೂಟರಿನ ಬಗ್ಗೆ ನಮಗೇ ಹೆಮ್ಮೆ ಮೂಡುವ ಹೊತ್ತಿಗೆ ರೀಡ್‌ಲೈನ್ ಲೈಬ್ರರಿ ಸಿಗಲಿಲ್ಲವೆಂದು ಎದ್ದು ಹೊರಡುತ್ತದೆ. ಹಿಂದೆ ಟೈಪಿಸಿದ ಸಾಲನ್ನು ಬಾಣದ ಕೀಲಿ ಒತ್ತಿ ಮರಳಿ ಕರೆಯಲು ನೆರವಾಗುವ ಲೈಬ್ರರಿ ಅದು. ಅಷ್ಟಕ್ಕೇ ಸಂಬಂಧ ಮುರಿಯಬೇಕೆ? ಬೇಕಾದ್ದನ್ನು ತಂದು ಹಾಕಿದರೆ ಮತ್ತೆ ಮೊದಲ ಪ್ರಶ್ನೆಯಿಂದಲೇ ಆರಂಭ.

‘ಮೇಕ್’ ಎಂದ ಮೇಲೆ ನಮಗೆ ಕೆಲಸವಿಲ್ಲ. ಫೈಲುಗಳ ಹೆಸರುಗಳು ಒಂದೊಂದಾಗಿ ಮೇಲೇರುತ್ತಿರುತ್ತವೆ. ನಾನು ಯಾವುದಾದರೊಂದನ್ನು ತೆರೆದು ಓದುತ್ತ ಕೂರುತ್ತೇನೆ. ಮೇಲ್ಗಡೆಯೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಸರು, 1994ರ ಕಾಪಿರೈಟ್. 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರುಮಾಡಿಸಿದ ಕೆಲಸವಿದು. ಅವರದೇ ‘ಇಂಗ್ರೆಸ್’ ಆದಮೇಲೆ ಹುಟ್ಟಿದ್ದರಿಂದ ‘ಪೋಸ್ಟ್‌ಗ್ರೆಸ್’. ಆಗ ಒಂದಷ್ಟು ಭಾಗವನ್ನು ಲಿಸ್ಪ್ ಭಾಷೆಯಲ್ಲಿ ಬರೆದಿದ್ದರು. ಲಿಸ್ಪ್ ಹೋಗಿ ಸಿ ಬಂದು ದಶಕಗಳೇ ಕಳೆದವು. ಆದರೂ ಪಟ್ಟಿಯ ತಲೆಗೆ ಹೊಸದೊಂದನ್ನು ಸೇರಿಸುವ ಫಂಕ್ಷನ್ನಿಗೆ ಇವತ್ತಿಗೂ ಲಿಸ್ಪಿನವರ ರೂಢಿಯಂತೆ ‘ಎಲ್‌ಕಾನ್ಸ್’ ಎಂದೇ ಹೆಸರು. ಆ ಕೋಡ್ ಬರೆದ ಅಂದಿನ ವಿದ್ಯಾರ್ಥಿಗಳಿಗೆ ಈಗ ಮೊಮ್ಮಕ್ಕಳಿರಬಹುದು. ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಮಾಡಿಕೊಂಡವರಿಗೆ ಡೇಟಾಬೇಸ್ ಸಿಗುತ್ತದೆ, ಈ ಜನ ಸಿಗುವುದಿಲ್ಲ.

ಮುಂದಿನದು ಡೇಟಾ ಇಡುವ ಜಾಗವನ್ನು ಅಣಿಮಾಡುವ ‘ಇನಿಟ್‌ಡಿಬಿ’. ಇಡೀ ಕಂಪ್ಯೂಟರಿಗೆ ಒಡೆಯನಾದ ರೂಟ್ ಬಂದು ಕೇಳಿದರೆ ಅದು ಸಾರಾಸಗಟು ಒಲ್ಲೆ ಎನ್ನುತ್ತದೆ. ಅಧಿಕಾರವಿಲ್ಲದ ಬಡಪಾಯಿ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಅವನ ಹೆಸರಿನಲ್ಲಿ ಬರಬೇಕು. ಸರ್ವರಿನ ಕೈಗೆ ಸರ್ವಾಧಿಕಾರ ಕೊಟ್ಟರೆ ಅದರೊಳಗೆ ನುಸುಳಿದ ಕಳ್ಳನಿಗೂ ಕೊಟ್ಟಂತೆ ಎಂಬುದು ಇದರ ವಿವೇಕ. ಸಾಹೇಬರ ಚೀಟಿ ತಂದವರಿಗೆ ಎದ್ದು ನಿಲ್ಲುವ ನಮ್ಮ ಕಚೇರಿಗಳ ನಡುವೆ ಬದುಕಿದವನಿಗೆ ಈ ನಿಷ್ಠುರತೆ ಹಿತವೆನಿಸುತ್ತದೆ.

ಕೊನೆಗೆ ಸರ್ವರ್ 5432ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುತ್ತದೆ. ಈಗ ನಿಜವಾದ ಪೇಚು: ಏನು ತುಂಬುವುದು? ಒಂದೊಂದು ಟೇಬಲ್ಲೂ 32 ಟೆರಾಬೈಟ್ ತನಕ ಹಿಡಿಯುತ್ತದೆ. ನನ್ನಲ್ಲಿರುವುದು ನನ್ನ ಪುಸ್ತಕ ಒಯ್ದವರ ಪಟ್ಟಿ. ಪುಸ್ತಕ, ಒಯ್ದವರು, ಹಿಂದಿರುಗಿಸಿದ ದಿನಾಂಕ ಎಂದು ಮೂರು ಕಾಲಂ. ಮೂರನೆಯದರ ಉದ್ದಕ್ಕೂ ‘ನಲ್’. ಡೇಟಾಬೇಸಿನ ಲೆಕ್ಕದಲ್ಲಿ ನಲ್ ಸೊನ್ನೆಯೂ ಅಲ್ಲ, ಸುಳ್ಳೂ ಅಲ್ಲ. ಸದ್ಯಕ್ಕೆ ಗೊತ್ತಿಲ್ಲ, ಅಷ್ಟೇ. ಬರ್ಕ್ಲಿಯ ಮೇಷ್ಟ್ರು ಇಷ್ಟು ಅವಕಾಶ ಇಟ್ಟಿರುವಾಗ, ಪುಸ್ತಕ ಒಯ್ದ ಗೆಳೆಯರ ಮೇಲೆ ನಾನೇಕೆ ಆಸೆ ಬಿಡಲಿ?