ಬಾಡಗಂಡಿಯ ಬಯಲಿಗೆ ಅಗಲ ಕಣ್ಣು

ಬೀಳಗಿ ತಾಲ್ಲೂಕಿನ ಬಾಡಗಂಡಿ ಸೀಮೆಯಲ್ಲಿ ನೋಟಕ್ಕೆ ತಡೆ ಕಡಿಮೆ. ತಾಲ್ಲೂಕಿನ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವೆ ಕಬ್ಬು, ಜೋಳದ ಹೊಲ. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದಾಗ ಎರಡೂ ನದಿಗಳು ಕಡಲಿನಂತೆ ಹರಡುತ್ತವೆ. ಇದನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯುವ ಆಸೆ ಕ್ಯಾಮೆರಾ ಹೆಗಲಿಗೇರಿಸಿದ ಯಾರಿಗಾದರೂ ಹುಟ್ಟೀತು.

ಅಂಥವರಿಗೆಂದೇ 1954ರಲ್ಲಿ ಬಂದದ್ದು ಹ್ಯಾಸೆಲ್‌ಬ್ಲಾಡ್ ಸೂಪರ್‌ವೈಡ್. ಈಗ ತಯಾರಾಗುವುದಿಲ್ಲ, ಹಳೆಯದನ್ನೇ ಹುಡುಕಬೇಕು. ಈ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಕ್ಕೆ ಜೈಸ್ ಕಂಪನಿಯ 38 ಮಿ.ಮೀ. ಬಯೋಗಾನ್ ಮಸೂರ ಕಾಯಂ. ಮೂಲೆಯಿಂದ ಮೂಲೆಗೆ 90 ಡಿಗ್ರಿ ನೋಟ. ಒಳಗೆ ಕನ್ನಡಿ ಇಲ್ಲದ್ದರಿಂದ ಮಸೂರ ಫಿಲ್ಮಿನ ಸಮೀಪವೇ ಕೂರುತ್ತದೆ; ನೇರ ಗೆರೆ ನೇರವಾಗಿಯೇ ಉಳಿಯುತ್ತದೆ. ಹಿನ್ನೀರಿನ ದಿಗಂತ ಅದಕ್ಕೆ ತಕ್ಕ ಪರೀಕ್ಷೆ. ಆದರೆ ಕ್ಯಾಮೆರಾ ಕೊಂಚ ತಗ್ಗಿದರೂ ದಂಡೆಯ ಮರ, ಕಂಬಗಳು ವಾಲುತ್ತವೆ. ಆಕಾಶದ ಮೂಲೆಗಳೂ ತುಸು ಕಪ್ಪಿಡುತ್ತವೆ.

ದೊಡ್ಡ ತೊಡಕು ಬೇರೆಯೇ. ಅಗಲ ಮಸೂರ ಎಲ್ಲವನ್ನೂ ಒಳಕ್ಕೆ ಕರೆದು, ಎಲ್ಲವನ್ನೂ ದೂರ ತಳ್ಳುತ್ತದೆ. ಹಿನ್ನೀರಿಗೆ ಬರುವ ರಾಜಹಂಸಗಳು ಚುಕ್ಕೆಗಳಾಗುತ್ತವೆ. ಕೊನೆಗೆ ಉಳಿಯುವುದು ಖಾಲಿ ಬಾನು, ಖಾಲಿ ನೀರು. ಈ ನೀರಾದರೋ ಖಾಲಿಯಲ್ಲ. ಅದರಡಿ ಬಿತ್ತಿ ಬೆಳೆದ ಹೊಲಗಳಿವೆ, ಜನ ಬಿಟ್ಟೆದ್ದ ಊರುಗಳಿವೆ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ದೇವಾಲಯವೂ ಹಿನ್ನೀರು ಏರಿದಾಗ ಜಲಾವೃತವಾಗುತ್ತದೆ.

ಬಯೋಗಾನ್ 30 ಸೆಂ.ಮೀ. ಹತ್ತಿರಕ್ಕೂ ಫೋಕಸ್ ಆಗುತ್ತದೆ. ಅದರ ನಿಜವಾದ ಬಲ ಇಲ್ಲಿದೆ. ಬೇಸಿಗೆಯಲ್ಲಿ ನೀರಿಳಿದಾಗ ಬಿರಿದ ಎರೆಮಣ್ಣಿನ ಪಕ್ಕ ಮಂಡಿಯೂರಿದರೆ, ಕಳೆದುಹೋದ ಹೊಲ ಮುಂದೆ, ಅದನ್ನು ನುಂಗಿದ ನೀರು ಹಿಂದೆ. ಎರಡೂ ಒಂದೇ ಚೌಕಟ್ಟಿನಲ್ಲಿ. ರೋಲಿಗೆ 12 ಚಿತ್ರ ಮಾತ್ರ. ಮೊದಲು ನಡೆದು ನೋಡಿ, ಆಮೇಲೆ ಗುಂಡಿ ಒತ್ತುವುದು ಲೇಸು.