ಹೆದರಿಕೆ ಯಾರದು, ನಗು ಯಾರದು

ಅಲಂಕಾರಶಾಸ್ತ್ರದ ಗ್ರಂಥಗಳು ರಸಗಳ ನಡುವೆಯೂ ಸ್ನೇಹ-ವೈರಗಳಿವೆ ಎಂದು ಹೇಳುತ್ತವೆ. 14ನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯರಸಕ್ಕೆ ಇಬ್ಬರು ವೈರಿಗಳನ್ನು ಗುರುತಿಸುತ್ತಾನೆ, ಒಂದು ಭಯಾನಕ, ಇನ್ನೊಂದು ಕರುಣ. ನಡುಗುತ್ತಿರುವವನಿಗೂ ಅಳುತ್ತಿರುವವನಿಗೂ ನಗು ಬಾರದೆಂಬುದು ಎಲ್ಲರ ಅನುಭವವೇ ಆದುದರಿಂದ ಈ ಮಾತನ್ನು ಒಪ್ಪಲು ಯಾರಿಗೂ ಕಷ್ಟವಾಗದು. ಆದರೆ ಅವನಿಗಿಂತ ಸುಮಾರು ಐದು ಶತಮಾನಗಳ ಹಿಂದೆಯೇ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಈ ವೈರಕ್ಕೊಂದು ರಾಜಿಸೂತ್ರವನ್ನು ಬರೆದಿಟ್ಟಿದ್ದನು. ಪರಸ್ಪರ ಒಗ್ಗದ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ಇರಿಸಿದರೆ ಜಗಳ ಏಳುವುದಿಲ್ಲ ಎಂಬುದು ಆ ಸೂತ್ರದ ತಿರುಳು. ಆಶ್ರಯವೆಂದರೆ ಒಂದು ಭಾವವು ಯಾರ ಮನಸ್ಸಿನಲ್ಲಿ ಮನೆಮಾಡಿದೆಯೋ ಆ ಪಾತ್ರ. ದೆವ್ವವೂ ನಗೆಯೂ ಒಂದೇ ಸೂರಿನಡಿ ಬಾಳುವ ಚಲನಚಿತ್ರಗಳೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಪರವಾನಗಿಯ ಮೇಲೆಯೇ ನಡೆಯುತ್ತಿವೆ, ಮತ್ತು ಕನ್ನಡದಲ್ಲಿ ಅದನ್ನು ಅತ್ಯಂತ ಚೆನ್ನಾಗಿ ಬಳಸಿಕೊಂಡ ಚಿತ್ರವೆಂದರೆ 2004ರ ‘ಆಪ್ತಮಿತ್ರ’.

ಈ ಚಿತ್ರದ ವಂಶಾವಳಿ ಕೇರಳದ್ದು. ಹರಿಪಾಡ ಸಮೀಪದ ಮುಟ್ಟಂ ಎಂಬಲ್ಲಿನ ಆಲುಮ್ಮೂಟ್ಟಿಲ್ ತರವಾಡಿನಲ್ಲಿ, ಅಂದರೆ ಅವಿಭಕ್ತ ಕುಟುಂಬದ ಮೂಲಮನೆಯಲ್ಲಿ, 1921ರಲ್ಲಿ ನಡೆದ ಕೊಲೆಯ ಸುತ್ತ ಬೆಳೆದ ಮಾತುಕತೆಯನ್ನು ಆಧರಿಸಿ ಮಧು ಮುಟ್ಟಂ ಬರೆದ ಕಥೆಯನ್ನು ಫಾಝಿಲ್ 1993ರಲ್ಲಿ ‘ಮಣಿಚಿತ್ರತಾಳ್’ ಎಂಬ ಮಲಯಾಳಂ ಚಿತ್ರವನ್ನಾಗಿಸಿದರು. ಅದನ್ನು ಪಿ. ವಾಸು ಕನ್ನಡಕ್ಕೆ ತಂದರು, ದ್ವಾರಕೀಶ್ ನಿರ್ಮಿಸಿದರು, ಗುರುಕಿರಣ್ ಸಂಗೀತ ಕೊಟ್ಟರು. ಹಳೆಯ ಅರಮನೆಯೊಂದನ್ನು ಕೊಂಡು ವಾಸಕ್ಕೆ ಬರುವ ದಂಪತಿಗಳಾಗಿ ರಮೇಶ್ ಅರವಿಂದ್ ಮತ್ತು ಸೌಂದರ್ಯ, ಅವರ ಸ್ನೇಹಿತನಾದ ಮನೋವೈದ್ಯನಾಗಿ ವಿಷ್ಣುವರ್ಧನ್, ಮಂತ್ರಶಾಸ್ತ್ರ ಬಲ್ಲ ಆಚಾರ್ಯರಾಗಿ ಅವಿನಾಶ್ ಇದರಲ್ಲಿದ್ದಾರೆ. ಮಹಡಿಯಲ್ಲೊಂದು ಬೀಗ ಜಡಿದ ಕೋಣೆ, ಆ ಕೋಣೆಯಲ್ಲಿ ನಾಗವಲ್ಲಿ ಎಂಬ ನರ್ತಕಿಯ ನೆನಪು, ಆ ಬೀಗವನ್ನು ತೆಗೆಸಲೇಬೇಕೆಂದು ಹಂಬಲಿಸುವ ಹೆಣ್ಣು ಎಂಬ ಮೂರು ಎಳೆಗಳಲ್ಲಿ ಕಥೆ ಮುಗಿಯುತ್ತದೆ. ಕಥೆ ಇಷ್ಟು ತೆಳುವಾಗಿದ್ದರೂ, ಮುಂದೇನಾಗುವುದೆಂಬುದು ಬಾಯಿಪಾಠವಾಗಿದ್ದರೂ, ಟೀವಿಯಲ್ಲಿ ಇದು ಬಂದ ಭಾನುವಾರ ಮನೆಯವರು ಚಾನೆಲ್ ಬದಲಿಸುವುದಿಲ್ಲವೆಂದರೆ ರುಚಿ ಬೇರೆಲ್ಲೋ ಇರಬೇಕು.

ಆ ರುಚಿಯ ಮೊದಲ ಪಾಲು ದ್ವಾರಕೀಶರದು. ಕುಳ್ಳನೆಂಬ ಬಿರುದನ್ನು ಹೆಮ್ಮೆಯಿಂದ ಹೊತ್ತು, ‘ಕುಳ್ಳ ಏಜೆಂಟ್ 000’, ‘ಪ್ರಚಂಡ ಕುಳ್ಳ’ ಎಂದು ಅದನ್ನೇ ಚಿತ್ರಗಳ ಹೆಸರಾಗಿಸಿಕೊಂಡಿದ್ದ ಈ ನಟ ‘ಆಪ್ತಮಿತ್ರ’ದ ಹೊತ್ತಿಗೆ ಅರವತ್ತು ದಾಟಿದ್ದರು. ಮಹಡಿಯ ಕಡೆಗೆ ಹೆಜ್ಜೆ ಇಡಬೇಕಾಗಿ ಬಂದಾಗ ಅವರ ಕಣ್ಣುಗುಡ್ಡೆಗಳು ಮೊದಲು ಅರಳಿ, ಆಮೇಲೆ ಒಂದು ಬದಿಗೆ ಸರಿದು, ಹಿಂದೆ ಯಾರೋ ಇದ್ದಾರೆಂಬುದನ್ನು ಕುತ್ತಿಗೆ ತಿರುಗಿಸದೆಯೇ ತಿಳಿದುಕೊಳ್ಳಲು ಯತ್ನಿಸುತ್ತವೆ. ಬಾಯಿ ತೆರೆದುಕೊಂಡರೂ ಮಾತು ಗಂಟಲಲ್ಲೇ ನಿಂತಿರುತ್ತದೆ. ಪಕ್ಕದಲ್ಲಿ ವಿಷ್ಣುವರ್ಧನ್ ಎತ್ತರಕ್ಕೆ ನಿಂತು, ಏನೂ ಆಗಿಲ್ಲವೆಂಬಂತೆ ಮುಗುಳ್ನಗುತ್ತಿರುತ್ತಾರೆ. ಇಲ್ಲಿ ಭಯವೆಂಬ ಸ್ಥಾಯಿಭಾವ, ಅಂದರೆ ರಸವಾಗಿ ಮಾಗಬಲ್ಲ ಮೂಲಭಾವ, ಪೂರ್ತಿಯಾಗಿ ಪಾತ್ರದ ವಶದಲ್ಲಿದೆ. ಪ್ರೇಕ್ಷಕನ ಪಾಲಿಗೆ ಅದರ ಒಂದು ಹನಿಯೂ ಬರುವುದಿಲ್ಲ. ತಾನು ಹೆದರಬೇಕಾದ ಹೆದರಿಕೆಯನ್ನು ಬೇರೊಬ್ಬರು ಹೊತ್ತುಕೊಂಡು ಓಡಾಡುವುದನ್ನು ನೋಡುವುದರಲ್ಲಿ ಒಂದು ಹಗುರವಿದೆ, ಆ ಹಗುರವೇ ನಗುವಾಗುತ್ತದೆ. ಪೌರಾಣಿಕ ಯಕ್ಷಗಾನಗಳಲ್ಲಿ ರಾಕ್ಷಸ ವೇಷದ ಅಬ್ಬರದ ಪ್ರವೇಶದೊಂದಿಗೆ ಹಾಸ್ಯಗಾರನು ಬೆದರಿ ಬೀಳುವ ಪದ್ಧತಿ ಇರುವುದೂ ಇದೇ ಕಾರಣಕ್ಕಾಗಿ. ಅಂಜುಬುರುಕರ ಪಾತ್ರವನ್ನು ಧೈರ್ಯವಂತ ನಟರೇ ಮಾಡಬೇಕು, ಏಕೆಂದರೆ ಅದರಲ್ಲಿ ಮರ್ಯಾದೆ ಉಳಿಯುವ ಭರವಸೆ ಇರುವುದಿಲ್ಲ.

ಎರಡನೆಯ ಪಾಲು ಸೌಂದರ್ಯ ಅವರದು, ಮತ್ತು ಅಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹೊರಗೆ ಹೋಗಲು ಸಿದ್ಧಳಾದ ಗಂಗಾಳನ್ನು, ಅಂದರೆ ಸೌಂದರ್ಯ ಅವರ ಪಾತ್ರವನ್ನು, ಗಂಡ ತಡೆಯುವ ದೃಶ್ಯದಲ್ಲಿ ಕತ್ತಲೆಯಿಲ್ಲ, ಕಿರ್ರೆನ್ನುವ ಬಾಗಿಲಿಲ್ಲ, ಹೊಗೆಯಿಲ್ಲ. ಮಲಗುವ ಕೋಣೆಯಲ್ಲಿ ಸಾಧಾರಣ ಗಂಡ-ಹೆಂಡಿರ ಮಾತು ನಡೆಯುತ್ತಿದೆ. ಮೊದಲ ಬಾರಿ ಬೇಡವೆಂದಾಗ ಅವಳಿಗೆ ಅಚ್ಚರಿಯಾಗುತ್ತದೆ, ಎರಡನೆಯ ಬಾರಿ ಬೇಸರ, ಮೂರನೆಯ ಬಾರಿಗೆ ಧ್ವನಿಯ ತಳದಲ್ಲಿ ಬೇರೊಂದು ಧ್ವನಿ ಇಣುಕುತ್ತದೆ. ಹುಬ್ಬು ಏರುವ ರೀತಿ, ನಿಂತ ನಿಲುವು, ಉಸಿರಾಟದ ಗತಿ ಒಂದೊಂದಾಗಿ ಬದಲಾಗುತ್ತ, ಕೊನೆಗೆ ಅವಳು ಮಂಚವನ್ನು ಒಂದೇ ಕೈಯಲ್ಲಿ ಎತ್ತುವ ಹೊತ್ತಿಗೆ ನೋಡುಗರು ನಗುವುದನ್ನು ಮರೆತು ಎಷ್ಟೋ ಹೊತ್ತಾಗಿರುತ್ತದೆ. ಇಲ್ಲಿ ಹೆದರಿಕೆಯ ಆಶ್ರಯ ಗಂಗಾ ಅಲ್ಲ. ಅವಳಿಗೆ ತನಗೇನಾಗುತ್ತಿದೆ ಎಂಬುದರ ಅರಿವೇ ಇಲ್ಲ. ಪಾತ್ರ ನಿರಾತಂಕವಾಗಿರುವಾಗ ಅದರ ಭಯವನ್ನೆಲ್ಲ ಪ್ರೇಕ್ಷಕನೇ ಹೊರಬೇಕಾಗುತ್ತದೆ. ಪಾತ್ರ ಹೆದರಿದರೆ ನಗು, ಪಾತ್ರ ನಕ್ಕರೆ ಹೆದರಿಕೆ ಎಂಬ ಈ ವಿನಿಮಯವನ್ನು ‘ಆಪ್ತಮಿತ್ರ’ ಎರಡೂವರೆ ಗಂಟೆ ಲೆಕ್ಕ ತಪ್ಪದೆ ನಡೆಸುತ್ತದೆ. ಹಾಡುಗಳಲ್ಲಿ ಕೆಲವು ಇಲ್ಲದಿದ್ದರೂ ನಡೆಯುತ್ತಿತ್ತೆಂಬುದು ಬೇರೆ ಮಾತು.

ಇನ್ನೊಂದು ಸ್ವಾರಸ್ಯವಿದೆ. ನಾಗವಲ್ಲಿ ಕನ್ನಡದಲ್ಲಿ ಮಾತಾಡುವುದಿಲ್ಲ. ಮಲಯಾಳಂ ಮೂಲದಲ್ಲಿ ಆಕೆ ತಂಜಾವೂರಿನವಳು, ಆಡುವುದು ತಮಿಳು, ಕನ್ನಡದಲ್ಲಿ ಅವಳ ನುಡಿ ತೆಲುಗಾಯಿತು, 2005ರಲ್ಲಿ ವಾಸು ಅವರೇ ತಮಿಳಿನಲ್ಲಿ ಮಾಡಿದ ‘ಚಂದ್ರಮುಖಿ’ಯಲ್ಲೂ ತೆಲುಗೇ ಉಳಿಯಿತು, 2007ರ ಹಿಂದಿ ‘ಭೂಲ್ ಭುಲೈಯಾ’ದಲ್ಲಿ ಅದು ಬಂಗಾಳಿಯಾಯಿತು. ಎಲ್ಲ ಸೀಮೆಯವರೂ ದೆವ್ವವನ್ನು ನೆರೆಯವರ ಭಾಷೆಗೆ ದಾಟಿಸಿ ನಿರಾಳವಾಗಿದ್ದಾರೆ. ಕನ್ನಡದ ಮಟ್ಟಿಗೆ ಈ ಆಯ್ಕೆಗೆ ಒಂದು ಬಲ ತಾನಾಗಿ ಒದಗಿತು: ಸೌಂದರ್ಯ ಮುಳಬಾಗಿಲು ಸೀಮೆಯ ಕನ್ನಡತಿಯಾಗಿದ್ದೂ ಹೆಸರು ಮಾಡಿದ್ದು ತೆಲುಗು ಚಿತ್ರಗಳಲ್ಲಿ, ಆದ್ದರಿಂದ ಗಂಗಾ ನಾಗವಲ್ಲಿಯಾಗುವಾಗ ಎರಡು ಭಾಷೆಗಳೂ ಅವರಿಗೆ ಸ್ವಂತದ್ದೇ ಆಗಿದ್ದವು. ಕನ್ನಡ ಓದಬಲ್ಲ ದೆವ್ವವೂ ಇಲ್ಲದಿಲ್ಲ. 1990ರ ದಶಕದಲ್ಲಿ ಬೆಂಗಳೂರು ಮೊದಲಾದ ಕಡೆ, ರಾತ್ರಿ ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ತಟ್ಟುವ ಮೋಹಿನಿಯೊಬ್ಬಳಿಗಾಗಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯಲಾಗಿತ್ತು. ಅವಳು ಅದನ್ನೋದಿ, ಸರ್ಕಾರಿ ಕಚೇರಿಯಿಂದ ವಾಪಸಾಗುವ ಅರ್ಜಿದಾರರಂತೆ ಮರಳಿ ಹೋಗಿ, ಮಾರನೆಯ ದಿನ ಮತ್ತೆ ಬರುವಳೆಂದು ನಂಬಿಕೆ. ಜನ ನಿಜವಾಗಿ ಹೆದರಿದ್ದರು, ನಿಜವಾಗಿ ನಕ್ಕೂ ಇದ್ದರು. 2018ರ ಹಿಂದಿ ಚಿತ್ರ ‘ಸ್ತ್ರೀ’ಯ ಬೇರು ಇಲ್ಲಿದೆ.

ಇಂಥ ಚಿತ್ರಗಳನ್ನು ನೋಡಲು ತಕ್ಕ ಊರೊಂದನ್ನು ಆರಿಸಬೇಕಾದರೆ ಕೊಡಗಿನ ಹಾರಂಗಿಯನ್ನು ಧಾರಾಳವಾಗಿ ಆರಿಸಬಹುದು. ಪುಷ್ಪಗಿರಿಯ ಬೆಟ್ಟಸಾಲಿನಿಂದ ಇಳಿದು ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವ ಹಾರಂಗಿ ನದಿಗೆ ಹುದುಗೂರಿನ ಬಳಿ ಕಟ್ಟಿದ ಅಣೆಕಟ್ಟು ಇಲ್ಲಿದ್ದು, 8.5 ಟಿಎಂಸಿ ನೀರಿನ ಕೆಳಗೆ ಹಿಂದಿನ ಗದ್ದೆಗಳು, ದಾರಿಗಳು ಮಲಗಿವೆ. ಮಳೆಗಾಲದಲ್ಲಿ ನೀರು 2,859 ಅಡಿಯ ಗರಿಷ್ಠ ಮಟ್ಟದತ್ತ ಏರಿ ಕ್ರೆಸ್ಟ್ ಗೇಟುಗಳನ್ನು ತೆರೆದ ರಾತ್ರಿ ದೂರದವರೆಗೂ ಕೇಳುವ ಮೊರೆತದ ಮುಂದೆ ಯಾವ ಹಿನ್ನೆಲೆ ಸಂಗೀತವೂ ಸಪ್ಪೆಯೇ. ಸಿನಿಮಾ ನೋಡಲು ಬೇರೆ ಊರಿಗೆ ಹೋಗಬೇಕಾದ ಇಂಥ ಊರಿನವರಿಗೆ ‘ಆಪ್ತಮಿತ್ರ’ ಹೆಚ್ಚಾಗಿ ಟೀವಿಯ ಚಿತ್ರ. ಗಾಳಿಗೆ ಮರ ಬಿದ್ದು, ನಾಗವಲ್ಲಿಯ ಗೆಜ್ಜೆ ಕೇಳಿಸುವ ಹೊತ್ತಿಗೇ ಕರೆಂಟು ಹೋದರೆ, ಅಣೆಕಟ್ಟಿನ ಬುಡದಲ್ಲೇ ವಿದ್ಯುತ್ ತಯಾರಾಗುತ್ತಿದೆಯೆಂಬ ಸಂಗತಿಯಿಂದ ಯಾರಿಗೂ ಸಮಾಧಾನವಾಗುವುದಿಲ್ಲ.

ಸತ್ತವರ ವಿಷಯದಲ್ಲಿ ಕೊಡಗಿಗೆ ತನ್ನದೇ ಸಲುಗೆಯಿದೆ. ಕೊಡವ ಕುಲಗಳ ಮೂಲಮನೆಯಾದ ಐನ್‌ಮನೆಯ ಬಳಿ ಗುರುಕಾರಣನಿಗೆ, ಅಂದರೆ ಕುಲದ ಮೂಲಪುರುಷನಿಗೆ, ಕೈಮಡವೆಂಬ ಪುಟ್ಟ ಗುಡಿ ಇರುತ್ತದೆ. ಅವನು ಅಲ್ಲಿ ಮನೆಯ ಹಿರಿಯ, ಎಡೆಯಿಟ್ಟು ಮಾತಾಡಿಸಬೇಕಾದವನು. ಇನ್ನು ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ನಡೆಯುವ ಕುಂಡೆಹಬ್ಬದಲ್ಲಿ ಜೇನುಕುರುಬರೂ ಯರವರೂ ಹೆಣ್ಣುವೇಷ, ಚಿತ್ರವಿಚಿತ್ರ ವೇಷಗಳನ್ನು ತೊಟ್ಟು, ದಾರಿಯಲ್ಲಿ ಸಿಕ್ಕವರನ್ನಷ್ಟೇ ಅಲ್ಲದೆ ತಮ್ಮನ್ನು ಬಿಟ್ಟು ಭದ್ರಕಾಳಿಯ ಹಿಂದೆ ಹೋದನೆಂದು ಅಯ್ಯಪ್ಪ ದೇವರನ್ನೂ ಬಾಯಿತುಂಬ ಬೈದು ಕುಣಿಯುತ್ತಾರೆ. ಅಂಜಬೇಕಾದ ಶಕ್ತಿಯ ಎದುರಿನಲ್ಲಿಯೇ ನಗುವ ಹಕ್ಕನ್ನು ವರ್ಷಕ್ಕೊಂದು ದಿನ ಕಾದಿರಿಸಿಕೊಂಡ ನಾಡಿಗೆ ವಿಶ್ವನಾಥನ ವೈರಸಿದ್ಧಾಂತ ಅಷ್ಟಾಗಿ ಹಿಡಿಸಲಾರದು.

ಆದರೆ ವಿಶ್ವನಾಥ ಹೇಳಿದ ಎರಡನೆಯ ವೈರಿಯಾದ ಕರುಣ ಈ ಚಿತ್ರಕ್ಕೆ ಪರದೆಯ ಹೊರಗಿನಿಂದ ಬಂದಿತು. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ನೆಲಕ್ಕಪ್ಪಳಿಸಿ ಸೌಂದರ್ಯ ತೀರಿಕೊಂಡರು; ಚಿತ್ರ ತೆರೆ ಕಂಡದ್ದು ಆಗಸ್ಟ್‌ನಲ್ಲಿ. ಸತ್ತ ನರ್ತಕಿಯೊಬ್ಬಳು ಬದುಕಿರುವ ಹೆಣ್ಣಿನೊಳಗೆ ಹೊಕ್ಕ ಕಥೆಯನ್ನು, ಆ ಪಾತ್ರ ಮಾಡಿದವರೇ ಇಲ್ಲವಾದ ಮೇಲೆ, ಆ ವರ್ಷದ ಪ್ರೇಕ್ಷಕರು ನೋಡಿದರು. ಚಿತ್ರ ವರ್ಷದ ಮಟ್ಟಿಗೆ ಓಡಿ, ಸಾಲದಲ್ಲಿದ್ದ ದ್ವಾರಕೀಶರ ಕೈ ಹಿಡಿಯಿತು. ಅದರ ಮುಂದುವರಿದ ಕಥೆಯಾದ ‘ಆಪ್ತರಕ್ಷಕ’ 2010ರ ಫೆಬ್ರವರಿಯಲ್ಲಿ ಬರುವ ಮೊದಲೇ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ನಿಧನರಾದುದರಿಂದ ನಾಗವಲ್ಲಿಯ ಶಾಪವೆಂಬ ಮಾತು ಕನ್ನಡ ಚಿತ್ರೋದ್ಯಮದ ಗಾಂಧಿನಗರದಲ್ಲಿ ಓಡಾಡಿತು. ಆ ಮಾತು ಚಿತ್ರಕ್ಕೆ ಮಾಡುವ ಅವಮಾನವೇ ಸರಿ. ಏಕೆಂದರೆ ದೆವ್ವವೆಂದು ತೋರುವುದು ಮನಸ್ಸಿನ ರೋಗವೆಂದು ಚಿತ್ರ ಸ್ಪಷ್ಟವಾಗಿ ಹೇಳುತ್ತದೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಅವರನ್ನು ಕಾಡುವುದು ಅಪ್ಪಟ ಪ್ರೇತ, ಬಿಡಿಸಬೇಕಾದದ್ದು ದೈವವೇ. ‘ಆಪ್ತಮಿತ್ರ’ದಲ್ಲಿ ದುರ್ಗಾಷ್ಟಮಿಯ ರಾತ್ರಿ ಆಚಾರ್ಯರ ಮಂಡಲವೂ ಇದೆ, ವೈದ್ಯರು ಯೋಜಿಸಿದ ತಿರುಗುವ ಹಲಗೆಯೂ ಇದೆ, ಮನುಷ್ಯನ ಜಾಗದಲ್ಲಿ ಬೊಂಬೆಯನ್ನು ತಂದು ನಿಲ್ಲಿಸುವ ಆ ಹಲಗೆಯಿಂದಲೇ ನಾಗವಲ್ಲಿಯ ಸೇಡು ತೀರಿ, ಗಂಗಾ ಉಳಿಯುತ್ತಾಳೆ.

ವೈದ್ಯರ ವಿವರಣೆಯಲ್ಲಿ ಒಂದೇ ಒಂದು ಕೊರತೆ ಇದೆ. ಅರಮನೆಯಲ್ಲಿ ಆಗಾಗ ಹರಿದುಹೋಗುವ ಆ ಭಾರೀ ಹಾವು ಯಾವ ಮನೋರೋಗದ ಲಕ್ಷಣವೆಂದು ಅವರು ಹೇಳುವುದೇ ಇಲ್ಲ. ಮುಂದಿನ ಸಲ ಚಿತ್ರ ಟೀವಿಯಲ್ಲಿ ಬಂದಾಗ ಓದುಗರು ಇದನ್ನು ಗಮನಿಸಬಹುದು, ಹೆದರುವ ಸ್ವಭಾವದ ಒಬ್ಬರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು.