ಪಹಣಿಯಲ್ಲಿ ಹೆಸರಿದ್ದವರಿಗೆ

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಒಣಗುವುದೂ ಹೊಸದಲ್ಲ, ಅದಕ್ಕೆ ಸರ್ಕಾರ ಪರಿಹಾರ ಕೊಡುವುದೂ ಹೊಸದಲ್ಲ. ದುಡ್ಡು ಬರುವ ದಾರಿ ಮಾತ್ರ ಬೇರೆಯಾಗಿದೆ.

ನಾವು ಹುಡುಗರಾಗಿದ್ದಾಗ ಪರಿಹಾರವೆಂದರೆ ಚೆಕ್ಕು. ಗ್ರಾಮಲೆಕ್ಕಿಗರು ಚಾವಡಿ ಕಟ್ಟೆಯ ಮೇಲೆ ಪಟ್ಟಿ ಹರವಿಕೊಂಡು ಕೂತು ಹೆಸರು ಕೂಗುತ್ತಿದ್ದರು. ಕರೆಸಿಕೊಂಡವರು ಹೋಗಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೇ ಒರೆಸಿಕೊಂಡು ಬರುತ್ತಿದ್ದರು. ಮೊತ್ತ ಎಷ್ಟೋ ಸಲ ನೂರಿನ್ನೂರು. ಅದನ್ನು ನಗದು ಮಾಡಿಸಲು ಬ್ಯಾಂಕಿನಲ್ಲಿ ಖಾತೆ ತೆರೆಯಬೇಕು, ಬಸ್ಸಿಗೆ ಕೊಡಬೇಕು, ಒಂದು ದಿನದ ಕೂಲಿ ಬಿಡಬೇಕು. ಲೆಕ್ಕ ಹಾಕಿ ಚೆಕ್ಕನ್ನು ಗೋಡೆಯ ಗೂಡಿನಲ್ಲೇ ಬಿಟ್ಟವರನ್ನು ನೋಡಿದ್ದೇನೆ.

ಆಣೆವಾರಿ ಬರೆಯುವವರು ಹೊಲಕ್ಕೆ ಬರುತ್ತಿದ್ದದ್ದು ಅಪರೂಪ. ಶೇಂಗಾ ಹೊಲಕ್ಕೆ ಪಹಣಿಯಲ್ಲಿ ಹಿಂದಿನ ವರ್ಷದ ರಾಗಿಯೇ ಕೂತಿರುತ್ತಿತ್ತು. ತಿದ್ದಿಸಬೇಕೆಂದರೆ ಕೈ ಬಿಸಿ ಮಾಡಬೇಕಿತ್ತು. ಆಗಿನ ಕಾಲವೇ ಚೆನ್ನಾಗಿತ್ತು ಎನ್ನುವವರು ಆ ಕಟ್ಟೆಯ ಮುಂದೆ ನಿಂತವರಲ್ಲ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, 15 ರೂಪಾಯಿಗೆ ಅಚ್ಚಾದ ಪಹಣಿ ಕೈಗೆ ಸಿಗತೊಡಗಿತು. ನೇರ ಖಾತೆಗೆ ದುಡ್ಡು ಹಾಕುವ ಪಿಎಂ ಕಿಸಾನ್ 2018ರ ಡಿಸೆಂಬರಿನಿಂದ ಜಾರಿ: ವರ್ಷಕ್ಕೆ 6,000, ಮೂರು ಕಂತು. ಮರುವರ್ಷ ರಾಜ್ಯ ಸರ್ಕಾರ ಇನ್ನೂ 4,000 ಸೇರಿಸಿತು, ಆಮೇಲೆ ಅದು ನಿಂತಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಮೊದಲು 2,000ದವರೆಗೆ ರಾಜ್ಯವೇ ಹಾಕಿತು. ಉಳಿದದ್ದು ಕೇಂದ್ರದಿಂದ ಬಂದದ್ದು ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಆದರೂ ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಖಾತೆಗೇ ಬಂತು. ಈಗ ಬೆಳೆ ಸಮೀಕ್ಷೆಗೂ ನಾವೇ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯಬಹುದು.

ದುಡ್ಡು ಬರದೇ ಹೋದರೆ ಮಾತ್ರ ಕಷ್ಟ. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ರೈತರ ನೋಂದಣಿಯ ಫ್ರೂಟ್ಸ್ ಐಡಿಗೆ ಒಂದು ಸರ್ವೆ ನಂಬರು ಸೇರಿಲ್ಲ. ಇ-ಕೆವೈಸಿಗೆ ಸವೆದ ಹೆಬ್ಬೆಟ್ಟು ಮೂಡುವುದಿಲ್ಲ. ಲೆಕ್ಕಿಗರನ್ನಾದರೂ ಬೈಯಬಹುದಿತ್ತು. ಈಗ ಕೌಂಟರಿನ ಹುಡುಗ ‘ಸಿಸ್ಟಮ್ಮಲ್ಲಿ ತೋರಿಸ್ತಿಲ್ಲ ಯಜಮಾನ್ರೇ’ ಅನ್ನುತ್ತಾನೆ. ಅವನನ್ನು ಬೈದು ಏನು ಬಂತು?

ಅಂದಿಗೂ ಇಂದಿಗೂ ಅಲ್ಲಾಡದೆ ನಿಂತಿರುವುದು ಪಹಣಿಯ ಹೆಸರು. ಎಷ್ಟೋ ಹೊಲಗಳು ಇನ್ನೂ ತೀರಿಹೋದ ತಾತನ ಹೆಸರಿನಲ್ಲಿವೆ. ಪೌತಿ ಖಾತೆಗೆ ಅಣ್ಣತಮ್ಮಂದಿರು ಒಪ್ಪಬೇಕು, ಅಕ್ಕತಂಗಿಯರು ಸಹಿ ಹಾಕಬೇಕು. ಪಾಲಿನ ಮಾತೆತ್ತಿದರೆ ಹಬ್ಬಕ್ಕೆ ಬಂದವರೂ ಎದ್ದು ಹೋಗುತ್ತಾರೆ. ಬೇರೆಯವರ ಹೊಲವನ್ನು ವಾರಕ್ಕೆ ಮಾಡುವವರದು ಇನ್ನೂ ಕಡೆ. 1974ರ ಭೂಸುಧಾರಣೆ ತಿದ್ದುಪಡಿಯ ಪ್ರಕಾರ ಗೇಣಿಯೇ ಇಲ್ಲ. ಕಾನೂನಿನಲ್ಲಿ ಇಲ್ಲದ್ದು ಹೊಲದಲ್ಲಿ ಧಾರಾಳವಾಗಿದೆ, ಬಾಯಿಮಾತಿನಲ್ಲಿ.

ನಮ್ಮ ಪಕ್ಕದ ಹೊಲದವರು ಬೆಂಗಳೂರಿನಲ್ಲಿದ್ದಾರೆ. ಹೊಲ ವಾರಕ್ಕೆ ಕೊಟ್ಟಿದ್ದಾರೆ. ಬರದ ವರ್ಷ ಬೀಜ, ಗೊಬ್ಬರ, ಆಳು ಎಲ್ಲ ಮಾಡುವವನದೇ. ಪರಿಹಾರ ಬಿದ್ದದ್ದು ಒಡೆಯರ ಖಾತೆಗೆ. ಅವನು ಫೋನು ಮಾಡಿ ಕೇಳಿದ. ‘ಊರಿಗೆ ಬಂದಾಗ ಮಾತಾಡೋಣಪ್ಪ’ ಅಂದರಂತೆ. ಮುಂಗಾರು ಬಿತ್ತನೆ ಹೊತ್ತಿಗೂ ಅವರು ಬರಲಿಲ್ಲ. ಅವನು ಬೀಜಕ್ಕೆ ಕೈಸಾಲ ಮಾಡಿ ಅದೇ ಹೊಲಕ್ಕೆ ಶೇಂಗಾ ಹಾಕಿದ.